ಬಟವಾಡೆಯ ಹೊಣೆ, ಬಟವಾಡೆಯವರ ಹಕ್ಕು



ಥಾಣೆಯ ಖಾಡಿಯ ದಡದಿಂದ ಮೊದಲ್ಗೊಂಡು ಉಲ್ಹಾಸ ನದಿಯ ತೀರದ ಕಲ್ಯಾಣದವರೆಗೂ, ಇತ್ತ ಐರೋಲಿ, ವಾಶಿ, ನೆರೂಳ, ಬೇಲಾಪುರಗಳೆಂದು ಹಬ್ಬಿ ನಿಂತಿರುವ ನವಿಮುಂಬಯಿಯವರೆಗೂ, ದಿನದಿನವೂ ಹೆಗಲಿಗೆ ಚೀಲವನ್ನೇರಿಸಿಕೊಂಡು ಮನೆಮನೆಗೆ ಟಪಾಲನ್ನು ಮುಟ್ಟಿಸುತ್ತಿರುವ ಪೋಸ್ಟ್‌ಮನ್ನರು ಯಾವ ನಿಯಮಗಳಿಗೆ ಬದ್ಧರಾಗಿ ದುಡಿಯುತ್ತಾರೆ, ಆ ನಿಯಮಗಳಿಗೆ ಪ್ರತಿಯಾಗಿ ಅವರಿಗೆ ಯಾವ ಹಕ್ಕುಗಳು ಲಭಿಸಿವೆ, ಲಭಿಸಿದ ಹಕ್ಕುಗಳಾದರೂ ಎಷ್ಟರ ಮಟ್ಟಿಗೆ ಅವರ ಕೈಗೆಟಕಿವೆ ಎಂಬ ವಿಚಾರವನ್ನು ಇಂದು ತಮ್ಮೆದುರಿಗೆ ನಿವೇದಿಸಬೇಕೆಂದಿದ್ದೇನೆ. ಈ ಸೀಮೆಯ ಕನ್ನಡಿಗರಾದ ನಮಗೆ ಈ ವಿಚಾರ ಹೊರಗಿನದಲ್ಲ. ಉಡುಪಿ, ಮಂಗಳೂರು, ಕಾರವಾರ, ಧಾರವಾಡ, ವಿಜಾಪುರಗಳಿಂದ ಹೊರಟುಬಂದು, ಹೋಟೆಲಿನ ಹಿಂಬದಿಯ ಕೋಣೆಗಳಲ್ಲಿ ಮಲಗಿ, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಕ್ರಮೇಣ ಮುಂಬಯಿಯ ಇಕ್ಕಟ್ಟಿನಿಂದ ಡೊಂಬಿವಲಿ ಕಲ್ಯಾಣಗಳಿಗೆ ಬಂದು ನೆಲೆಸಿದ ನಮ್ಮ ಹಿರಿಯರು, ತಿಂಗಳು ತಿಂಗಳೂ ಊರಿನ ತಾಯಿತಂದೆಯರಿಗೆ ಮನಿಯಾರ್ಡರು ಕಳುಹಿಸಿದ್ದೂ, ಅದರ ಸಹಿಯಾದ ರಸೀದಿ ಮರಳಿ ಬಂದಾಗ ಹಣ ಮುಟ್ಟಿತೆಂದು ನೆಮ್ಮದಿ ತಾಳಿದ್ದೂ, ಇಲ್ಲೊಬ್ಬ ಮರಾಠಿ ಮಾತಿನ ಪೋಸ್ಟ್‌ಮನ್ನನ ಮತ್ತು ಅಲ್ಲೊಬ್ಬ ತುಳು ಇಲ್ಲವೇ ಕನ್ನಡ ಮಾತಿನ ಅಂಚೆಯಣ್ಣನ ಪ್ರಾಮಾಣಿಕತೆಯನ್ನು ನಂಬಿ. ಆ ನಂಬಿಕೆಯನ್ನು ಹೊತ್ತವರಿಗೆ ನಾವು ಸಲ್ಲಿಸಬೇಕಾದುದೇನು ಎಂಬುದು ನನ್ನ ಪ್ರಶ್ನೆ.

ಥಾಣೆಗೂ ಅಂಚೆಗೂ ಉಳ್ಳ ಸಂಬಂಧ ಹಳೆಯದು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಭಾರತದ ಪ್ರಥಮ ಪ್ರಯಾಣಿಕ ರೈಲು ತಲುಪಿದ ಊರು ಥಾಣೆ. ಮರುವರ್ಷ ಆ ಹಳಿ ಕಲ್ಯಾಣಕ್ಕೆ ಮುಂದುವರಿಯಿತು. ಅದೇ 1854ರಲ್ಲಿ, ದೂರವನ್ನೆಣಿಸದೆ ತೂಕವೊಂದನ್ನೇ ಗಣಿಸುವ ಏಕರೂಪದ ಅಂಚೆದರವೂ, ದೇಶಕ್ಕೆಲ್ಲ ಸಲ್ಲುವ ಅಂಚೆಚೀಟಿಯೂ ಬಂದವು. ಕಲ್ಯಾಣದಲ್ಲಿ ಹಳಿ ಕವಲೊಡೆದು ಒಂದು ಕಸಾರಾ ಘಟ್ಟವನ್ನೇರಿ ನಾಸಿಕದತ್ತಲೂ ಮತ್ತೊಂದು ಕರ್ಜತಿನ ಮೂಲಕ ಪುಣೆಯತ್ತಲೂ ಸಾಗಿದ್ದರಿಂದ, ಉತ್ತರದ ಟಪಾಲೂ ದಕ್ಷಿಣದ ಟಪಾಲೂ ಈ ನೆಲದ ಮೇಲಿಂದಲೇ ಹಾದುಹೋಗುವಂತಾಯಿತು. ರೈಲಿನ ವೇಗ ಬಂದಿತಾದರೂ, ನಿಲ್ದಾಣದಿಂದ ಮನೆಯ ಹೊಸ್ತಿಲವರೆಗಿನ ಕೊನೆಯ ಹರಿದಾರಿಯನ್ನು ನಡೆಯುವವನು ಮನುಷ್ಯನೇ ಆಗಿ ಉಳಿದನು. ಇಂದಿಗೂ ಅವನೇ ನಡೆಯುತ್ತಿದ್ದಾನೆ.

ಆ ಮನುಷ್ಯನನ್ನು ಕಾನೂನು ಹೇಗೆ ಕಂಡಿತು ಎಂಬುದನ್ನು ತಿಳಿಯಬೇಕಾದರೆ 1898ರ ಭಾರತೀಯ ಅಂಚೆ ಕಚೇರಿ ಅಧಿನಿಯಮವನ್ನು ತೆರೆದು ನೋಡಬೇಕು. ಅದರ 49ನೆಯ ಕಲಮು, ಟಪಾಲನ್ನು ಒಯ್ಯುವವನು ಇಲ್ಲವೇ ಹಂಚುವವನು ಕರ್ತವ್ಯದ ವೇಳೆಯಲ್ಲಿ ಮದ್ಯಪಾನದಿಂದ ಮತ್ತನಾಗಿದ್ದರೆ, ಅಜಾಗರೂಕನಾಗಿದ್ದರೆ, ದಾರಿಯಲ್ಲಿ ವೃಥಾ ಕಾಲಹರಣ ಮಾಡಿದರೆ, 50 ರೂಪಾಯಿಗಳವರೆಗೆ ದಂಡ ವಿಧಿಸುತ್ತಿತ್ತು. 51ನೆಯ ಕಲಮು, ಹೋಗದ ಸ್ಥಳಕ್ಕೆ ಹೋದೆನೆಂದೂ ಕೊಡದ ಕಾಗದವನ್ನು ಕೊಟ್ಟೆನೆಂದೂ ದಫ್ತರದಲ್ಲಿ ಸುಳ್ಳು ನಮೂದು ಮಾಡಿದವನಿಗೆ 6 ತಿಂಗಳವರೆಗಿನ ಸೆರೆವಾಸವನ್ನು ಹೇಳಿತ್ತು. 52ನೆಯದು, ಕಾಗದವನ್ನು ಕದ್ದವನಿಗೂ, ಬಚ್ಚಿಟ್ಟವನಿಗೂ, ನಾಶಪಡಿಸಿದವನಿಗೂ, ಎಸೆದವನಿಗೂ 7 ವರ್ಷಗಳವರೆಗಿನ ಸೆರೆವಾಸ. ಇವುಗಳನ್ನು ಯಾರೂ ಅನ್ಯಾಯವೆನ್ನಲಾರರು. ಪರರ ಗುಟ್ಟನ್ನೂ ಪರರ ಹಣವನ್ನೂ ಒಯ್ಯುವವನ ಮೇಲೆ ಕಠಿಣವಾದ ಹೊಣೆಯಿರುವುದು ಸಹಜವೇ. ಆದರೆ ನಡುವೆ ನಿಂತಿದ್ದ 50ನೆಯ ಕಲಮನ್ನು ಓದಿದಾಗ ಮನಸ್ಸು ತಡೆದು ನಿಲ್ಲುತ್ತದೆ. ಅನುಮತಿಯಿಲ್ಲದೆ, ಇಲ್ಲವೇ ಒಂದು ತಿಂಗಳ ಮುಂಚಿತವಾಗಿ ಬರೆದು ತಿಳಿಸದೆ, ತನ್ನ ಕೆಲಸದಿಂದ ತಾನಾಗಿ ಹಿಂದೆಗೆದ ಟಪಾಲುವಾಹಕನಿಗೆ ಒಂದು ತಿಂಗಳವರೆಗಿನ ಸೆರೆವಾಸ ಅಥವಾ 50 ರೂಪಾಯಿ ದಂಡ, ಅಥವಾ ಎರಡೂ! ಕಳ್ಳತನಕ್ಕೆ ಶಿಕ್ಷೆ ವಿಧಿಸುವ ಪುಟದಲ್ಲಿಯೇ, ಕೆಲಸ ಬಿಟ್ಟದ್ದಕ್ಕೂ ಶಿಕ್ಷೆ. ದುಡಿಮೆಗಾರನು ತನ್ನ ದುಡಿಮೆಯನ್ನು ನಿಲ್ಲಿಸುವುದನ್ನು ಅಪರಾಧವೆಂದು ಗಣಿಸಿದ ಆ ಕಾಲದ ರಾಜ್ಯವು, ಅವನು ದಿನಕ್ಕೆ ಎಷ್ಟು ಹೊತ್ತು ನಡೆಯಬೇಕು, ಎಷ್ಟು ಭಾರ ಹೊರಬೇಕು ಎಂಬ ವಿಷಯದಲ್ಲಿ ಅದೇ ಅಧಿನಿಯಮದಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ.

ಹೊಣೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಒಂದು ನಿದರ್ಶನ ಸಾಕು. ಸಹಿ ಪಡೆದು ಕೊಡಬೇಕಾದ ಟಪಾಲನ್ನು ವಿಳಾಸದಾರನು ಸ್ವೀಕರಿಸದಿದ್ದರೆ ಪೋಸ್ಟ್‌ಮನ್ನನು ಲಕೋಟೆಯ ಮೇಲೆ ‘ನಿರಾಕರಿಸಿದರು’ ಎಂದು ಬರೆಯುತ್ತಾನೆ. ಬಾಗಿಲಿಗೆ ಬೀಗವಿದ್ದರೆ ಹಾಗೆಂದು ಬರೆದು, ಸೂಚನಾಚೀಟಿಯನ್ನು ಬಿಟ್ಟು, ಕಾಗದವನ್ನು ಕಚೇರಿಯಲ್ಲಿ 7 ದಿನ ಕಾದಿರಿಸುವಂತೆ ಒಪ್ಪಿಸುತ್ತಾನೆ. ಸರಿಯಾದ ವಿಳಾಸ ಬರೆದು ರಿಜಿಸ್ಟರ್ ಮಾಡಿ ಕಳುಹಿಸಿದ ಕಾಗದವು ತಲುಪಿತೆಂದೇ ಭಾವಿಸತಕ್ಕದ್ದೆಂದು 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೆಯ ಕಲಮು ಹೇಳುವುದರಿಂದ, ಮನೆ ಖಾಲಿಮಾಡಿಸುವ ದಾವೆಯಾಗಲಿ, ಮರಳಿದ ಚೆಕ್ಕಿನ ನೋಟೀಸಾಗಲಿ, ಎಷ್ಟೋ ವೇಳೆ ಆ ಒಂದು ಶಬ್ದದ ಮೇಲೆಯೇ ನಿಲ್ಲುತ್ತದೆ. ಬರೆದವನು ವರ್ಷಗಳ ತರುವಾಯ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಸಾಕ್ಷ್ಯ ನುಡಿಯಬೇಕಾಗಿ ಬರುವುದೂ ಉಂಟು. ಹೊತ್ತು ಮೀರಿ, ಲಿಫ್ಟಿಲ್ಲದ ಕಟ್ಟಡದ ನಾಲ್ಕನೆಯ ಮಹಡಿಯನ್ನು ಹತ್ತಲು ಕಾಲೇಳದೆ, ಕೆಳಗಿನಿಂದಲೇ ‘ಬೀಗ ಹಾಕಿದೆ’ ಎಂದು ಬರೆಯುವ ಪ್ರಲೋಭನೆ ದಣಿದವನಿಗೆ ಉಂಟಾಗಬಾರದೆಂದಿದ್ದರೆ, ಅವನು ದಣಿಯದಂತೆ ಕೆಲಸವನ್ನು ಅಳೆದು ಕೊಡುವುದು ಇಲಾಖೆಯ ಧರ್ಮವಾಗುತ್ತದೆ. ಹಕ್ಕು ಎಂಬುದನ್ನು ನಾನು ಔದಾರ್ಯದ ಮಾತಾಗಿ ಆಡುತ್ತಿಲ್ಲ. ಹೊಣೆಯನ್ನು ನಿಜವಾಗಿ ನಿರ್ವಹಿಸುವುದಕ್ಕೆ ಬೇಕಾದ ಸಾಧನವಾಗಿಯೇ ಆಡುತ್ತಿದ್ದೇನೆ.

ಹಳೆಯ ಕಾನೂನು ಈಗಿಲ್ಲ. ಸಂಸತ್ತು ಅಂಗೀಕರಿಸಿದ 2023ರ ಅಂಚೆ ಕಚೇರಿ ಅಧಿನಿಯಮವು 2024ರ ಜೂನ್ 18ರಿಂದ ಜಾರಿಗೆ ಬಂದಿದ್ದು, ಮೇಲೆ ಹೇಳಿದ ಶಿಕ್ಷೆಯ ಕಲಮುಗಳಾವುವೂ ಅದರಲ್ಲಿಲ್ಲ. ಕಳವು, ನಂಬಿಕೆದ್ರೋಹಗಳಿಗೆ ದೇಶದ ಸಾಮಾನ್ಯ ದಂಡಸಂಹಿತೆಯೇ ಅನ್ವಯಿಸುತ್ತದೆ. ನೌಕರನು ಕಪಟದಿಂದಾಗಲಿ ಬೇಕೆಂದೇ ಆಗಲಿ ಮಾಡಿದ ಹಾನಿಗಲ್ಲದೆ, ಕಾಗದ ಕಳೆದುದಕ್ಕೂ ತಡವಾದುದಕ್ಕೂ ಅವನು ಗ್ರಾಹಕನಿಗೆ ಸ್ವತಃ ಬಾಧ್ಯನಲ್ಲವೆಂಬ ರಕ್ಷಣೆ ಮಾತ್ರ ಹಳೆಯದರಲ್ಲಿದ್ದಂತೆ ಹೊಸದರಲ್ಲಿಯೂ ಮುಂದುವರಿದಿದೆ. ಇದನ್ನು ನಮ್ಮಲ್ಲಿ ಬಹುಮಂದಿ ಅರಿಯರು; ತಡವಾಗಿ ಬಂದ ಕಾಗದಕ್ಕೆ ಬಾಗಿಲಲ್ಲಿ ನಿಂತವನನ್ನೇ ಹೊಣೆಮಾಡಿ ಬಿರುನುಡಿಯಾಡುವುದನ್ನು ಯಾವ ಸೊಸೈಟಿಯಲ್ಲಿ ಬೇಕಾದರೂ ಕೇಳಬಹುದು.

ಇಲಾಖೆಯ ಶಿಸ್ತು ಬೇರೆ. ಖಾಯಂ ಪೋಸ್ಟ್‌ಮನ್ನನು ಕೇಂದ್ರ ಸರಕಾರದ ನೌಕರನಾದುದರಿಂದ 1964ರ ನಡತೆಯ ನಿಯಮಗಳೂ 1965ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳೂ ಅವನಿಗೆ ಅನ್ವಯಿಸುತ್ತವೆ. ಸಣ್ಣ ಶಿಕ್ಷೆಗೆ 16ನೆಯ ನಿಯಮ, ದೊಡ್ಡ ಶಿಕ್ಷೆಗೆ 14ನೆಯ ನಿಯಮ. ಅಂಚೆಯವರ ಮಾತಿನಲ್ಲಿ ‘ರೂಲ್ ಸಿಕ್ಸ್‌ಟೀನ್ ಬಂತು’, ‘ರೂಲ್ ಫೋರ್ಟೀನ್ ಬಂತು’ ಎಂದರೆ ಮನೆಯವರೆಲ್ಲ ಆ ರಾತ್ರಿ ನಿದ್ರೆಗೆಟ್ಟರೆಂದೇ ಅರ್ಥ. ಆದರೆ ಈ ನಿಯಮಗಳು ಕತ್ತಿಯೂ ಹೌದು, ಗುರಾಣಿಯೂ ಹೌದು. ಸಂವಿಧಾನದ 311ನೆಯ ಅನುಚ್ಛೇದದ ಪ್ರಕಾರ, ನೇಮಿಸಿದ ಅಧಿಕಾರಿಗಿಂತ ಕೆಳಗಿನವನು ಅವನನ್ನು ವಜಾ ಮಾಡಲಾರನು. ಆರೋಪವನ್ನು ಬರೆದು ತಿಳಿಸಿ, ವಿಚಾರಣೆ ನಡೆಸಿ, ಉತ್ತರ ಹೇಳಲು ಯುಕ್ತವಾದ ಅವಕಾಶವನ್ನು ಕೊಟ್ಟ ಹೊರತು ಮನೆಗೆ ಕಳುಹಿಸಲೂ ಆಗದು. ವಿಚಾರಣೆಯಲ್ಲಿ ತನ್ನ ಪರವಾಗಿ ನಿಲ್ಲಲು ಸಹೋದ್ಯೋಗಿಯನ್ನೋ ನಿವೃತ್ತ ನೌಕರನನ್ನೋ ಜೊತೆಮಾಡಿಕೊಳ್ಳಬಹುದು. ತೀರ್ಪು ಅನ್ಯಾಯವೆನಿಸಿದರೆ ಮೇಲ್ಮನವಿ. ಅದೂ ಫಲಿಸದಿದ್ದರೆ 1985ರ ಅಧಿನಿಯಮದನ್ವಯ ಸ್ಥಾಪಿತವಾದ ಕೇಂದ್ರ ಆಡಳಿತ ನ್ಯಾಯಮಂಡಳಿಯ ಮುಂಬಯಿ ಪೀಠ. ಡೊಂಬಿವಲಿಯ ಒಬ್ಬ ಪೋಸ್ಟ್‌ಮನ್ನನು ಭಾರತ ಸರಕಾರವನ್ನೇ ಪ್ರತಿವಾದಿಯಾಗಿ ಹೆಸರಿಸಿ ನ್ಯಾಯ ಕೇಳಬಲ್ಲನೆಂಬುದು, 1898ರ ಕಲಮನ್ನು ಓದಿದವರಿಗೆ, ಸಣ್ಣ ಸಂಗತಿಯಾಗಿ ತೋರದು.

ಅಲ್ಲಿಂದ ಇಲ್ಲಿಗೆ ಬಂದುದು ತಾನಾಗಿ ಅಲ್ಲ. 1946ರ ಜುಲೈ 11ರಂದು, ಬ್ರಿಟಿಷ್ ಆಳ್ವಿಕೆಯ ಕಡೆಗಾಲದಲ್ಲಿ, ಪೋಸ್ಟ್‌ಮನ್ನರ ಮತ್ತು ಕೆಳದರ್ಜೆಯ ಅಂಚೆ ನೌಕರರ ಸಂಘದ ಕರೆಗೆ ಓಗೊಟ್ಟು ದೇಶಾದ್ಯಂತ ಬಟವಾಡೆ ನಿಂತಿತು. ಆ ಸಂಘದ ಮುಂದಾಳು ಮುಂಬಯಿಯ ವಿ. ಜಿ. ದಳವಿಯವರು. ಸೇವೆಯಿಂದ ಹಿಂದೆಗೆಯುವುದು ಸೆರೆವಾಸಕ್ಕೆ ಅರ್ಹವಾದ ಅಪರಾಧವೆಂಬ ಕಲಮು ಜೀವಂತವಾಗಿದ್ದಾಗಲೇ ಅವರು ಹಿಂದೆಗೆದರು ಎಂಬುದನ್ನು ನೆನೆಯಬೇಕು. ಮುಷ್ಕರವು ಆಗಸ್ಟ್ ತಿಂಗಳಿನವರೆಗೂ ನಡೆಯಿತು. ಜುಲೈ 29ರಂದು ಕಲಕತ್ತೆಯ ನಗರವೇ ಅವರಿಗಾಗಿ ಕೆಲಸ ನಿಲ್ಲಿಸಿತು. ಅಂಚೆ ತಂತಿ ಇಲಾಖೆಗೂ ಅದರ ನೌಕರರಿಗೂ ನಡುವಣ ವ್ಯಾಜ್ಯವನ್ನು ನ್ಯಾಯಮೂರ್ತಿ ರಾಜಾಧ್ಯಕ್ಷರು ವಿಚಾರಿಸಿ ನೀಡಿದ ತೀರ್ಪು, ವೇತನ, ಕೆಲಸದ ವೇಳೆ, ರಜೆಗಳ ಪ್ರಶ್ನೆಗಳನ್ನು ಅಧಿಕಾರಿಯ ಮರ್ಜಿಯಿಂದ ಬಿಡಿಸಿ ನ್ಯಾಯವಿಚಾರದ ಕಕ್ಷೆಗೆ ತಂದಿತು. ಸ್ವಾತಂತ್ರ್ಯಾನಂತರ 1960ರ ಜುಲೈ ತಿಂಗಳಿನಲ್ಲಿ ಐದು ದಿನಗಳ ಮುಷ್ಕರವೂ, 1968ರ ಸೆಪ್ಟೆಂಬರ್ 19ರ ಒಂದು ದಿನದ ಮುಷ್ಕರವೂ ನಡೆದು, ಅನೇಕರು ಸೆರೆ ಕಂಡರು, ಕೆಲಸವನ್ನೂ ಕಳೆದುಕೊಂಡರು. ನಡತೆಯ ನಿಯಮಗಳು ಮುಷ್ಕರವನ್ನು ಇಂದಿಗೂ ಒಪ್ಪುವುದಿಲ್ಲ. ಸಂಘ ಕಟ್ಟುವ ಹಕ್ಕಿದೆ, ಮಾನ್ಯತೆಯ ನಿಯಮಗಳಿವೆ, 1966ರಿಂದ ಜಂಟಿ ಸಮಾಲೋಚನೆಯ ವ್ಯವಸ್ಥೆಯಿದೆ. ಆದರೆ ಮಾತುಕತೆ ವಿಫಲವಾದರೆ ಮುಂದೇನೆಂಬ ಪ್ರಶ್ನೆಗೆ ನಿಯಮಪುಸ್ತಕದಲ್ಲಿ ಸಮರ್ಪಕವಾದ ಉತ್ತರವಿಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನು ನಮ್ಮ ಬೀದಿಗಳಿಗೆ ಬರೋಣ. ಪೋಸ್ಟ್‌ಮನ್ನನ ಹಕ್ಕುಗಳೆಲ್ಲವೂ ಕಟ್ಟಕಡೆಗೆ ಒಂದು ಅಳತೆಯ ಮೇಲೆ ನಿಂತಿವೆ. ಆ ಅಳತೆಯ ಹೆಸರು ಬೀಟು. ಒಂದು ಬಟವಾಡೆಯ ಕಚೇರಿಯ ಸೀಮೆಯನ್ನು ಬೀಟುಗಳಾಗಿ ವಿಭಜಿಸಿ, ನಡೆಯಬೇಕಾದ ದೂರವನ್ನೂ ಹಂಚಬೇಕಾದ ಸಾಮಾನ್ಯ ಮತ್ತು ಸಹಿ ಪಡೆಯಬೇಕಾದ ಟಪಾಲುಗಳ ಪ್ರಮಾಣವನ್ನೂ ಲೆಕ್ಕಹಾಕಿ, ಬೆಳಗಿನ ವಿಂಗಡಣೆ, ಮಧ್ಯಾಹ್ನದ ಬಟವಾಡೆ, ಮರಳಿ ಬಂದು ಲೆಕ್ಕ ಒಪ್ಪಿಸುವುದು, ಇವೆಲ್ಲ ಸೇರಿ ದಿನಕ್ಕೆ 8 ಗಂಟೆಯ ದುಡಿಮೆಯಾಗುವಂತೆ ಒಬ್ಬೊಬ್ಬನಿಗೆ ಒಂದೊಂದು ಬೀಟನ್ನು ಕೊಡತಕ್ಕದ್ದು. ಬೀಟು ಬೆಳೆದರೆ ಅದನ್ನು ಮತ್ತೆ ಅಳೆಯಿಸಿ ಭಾಗ ಮಾಡಿಸಿಕೊಳ್ಳುವುದು ನ್ಯಾಯವಾದ ಬೇಡಿಕೆ. ಹಾಗಾದರೆ ಈ ಸೀಮೆಯ ಬೀಟು ಹೇಗೆ ಬೆಳೆಯಿತು? ಮರಾಠಿಗರೂ ಸಂಸ್ಕೃತ ವಿದ್ವಾಂಸರೂ ಆದ ಶ್ರೀರಾಮ ಭಿಕಾಜಿ ವೇಲಣಕರರು ರೂಪಿಸಿದ ಪಿನ್‌ಕೋಡು 1972ರ ಆಗಸ್ಟ್ 15ರಂದು ಬಳಕೆಗೆ ಬಂದಾಗ, ಡೊಂಬಿವಲಿಯ ಪೂರ್ವಕ್ಕೆ 421201, ಪಶ್ಚಿಮಕ್ಕೆ 421202, ಕಲ್ಯಾಣಕ್ಕೆ 421301 ಎಂಬ ಅಂಕಿಗಳನ್ನು ಹೊತ್ತ ಈ ಊರುಗಳು ಚಾಳುಗಳ, ಬಾವಿಗಳ, ಗದ್ದೆಗಳ ಊರುಗಳಾಗಿದ್ದವು. ನವಿಮುಂಬಯಿಯನ್ನು ನಿರ್ಮಿಸಿದ ಸಿಡ್ಕೋ ಸಂಸ್ಥೆ ಸ್ಥಾಪಿತವಾಗಿ ಇನ್ನೂ ಎರಡು ವರ್ಷಗಳಷ್ಟೇ ಸಂದಿದ್ದು, ವಾಶಿಯ ಸೆಕ್ಟರುಗಳು ಹೆಚ್ಚಾಗಿ ನಕ್ಷೆಯಲ್ಲಿದ್ದವು. 2011ರ ಜನಗಣತಿಯ ಹೊತ್ತಿಗೆ ಥಾಣೆ ನಗರದಲ್ಲಿ 18 ಲಕ್ಷಕ್ಕೂ ಮಿಕ್ಕಿ, ಕಲ್ಯಾಣ ಡೊಂಬಿವಲಿಗಳಲ್ಲಿ 12 ಲಕ್ಷಕ್ಕೂ ಮಿಕ್ಕಿ, ನವಿಮುಂಬಯಿಯಲ್ಲಿ 11 ಲಕ್ಷಕ್ಕೂ ಮಿಕ್ಕಿ ಜನ ವಾಸವಾಗಿದ್ದರು. ಅನಂತರ ಎದ್ದ ಗೋಪುರಗಳು ಆ ಲೆಕ್ಕದಲ್ಲಿ ಸೇರಿಲ್ಲ.

ಪತ್ರ ಬರೆಯುವವರು ಕಡಿಮೆಯಾದರಲ್ಲ, ಪೋಸ್ಟ್‌ಮನ್ನನ ಭಾರವೂ ಇಳಿದಿರಬೇಕೆಂದು ವಾದಿಸುವವರುಂಟು. ವಾದ ಮೇಲ್ನೋಟಕ್ಕೆ ಸರಿ. ಆದರೆ ಕೈಗೆ ಬಂದ ಒಂದು ಕಟ್ಟನ್ನು ಬಿಚ್ಚಿ ನೋಡಿದರೆ ಸತ್ಯ ತಿಳಿಯುತ್ತದೆ. ಇನ್‌ಲ್ಯಾಂಡು, ಕಾರ್ಡುಗಳು ತಗ್ಗಿವೆ, ನಿಜ. ಅವುಗಳನ್ನಾದರೋ ನೆಲಮಹಡಿಯ ಪೆಟ್ಟಿಗೆಗೆ ಹಾಕಿ ಮುಂದೆ ಸಾಗಬಹುದಾಗಿತ್ತು. ಈಗ ಚೀಲದಲ್ಲಿರುವುದು ಬ್ಯಾಂಕಿನ ಚೆಕ್ಕುಪುಸ್ತಕ, ಆಧಾರ ಕಾರ್ಡು, ಪಾಸ್‌ಪೋರ್ಟು, ನ್ಯಾಯಾಲಯದ ನೋಟೀಸು, ಅಂಗಡಿಯಿಂದ ತರಿಸಿದ ಪಾರ್ಸೆಲು. ಪ್ರತಿಯೊಂದಕ್ಕೂ ಮೇಲೆ ಹತ್ತಬೇಕು, ಕರೆಗಂಟೆ ಒತ್ತಬೇಕು, ಫೋನಿನ ಗಾಜಿನ ಮೇಲೆ ಸಹಿ ಪಡೆಯಬೇಕು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ ಟಪಾಲು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾದ ಮೇಲೆ, ಸಹಿ ಬೇಡುವ ಟಪಾಲು ವೇಗವನ್ನೂ ಬೇಡುತ್ತದೆ. ಇದರ ಮೇಲೆ, 2018ರಲ್ಲಿ ಆರಂಭವಾದ ಅಂಚೆ ಪಾವತಿ ಬ್ಯಾಂಕಿನ ಕೆಲಸವೂ ಅವನ ಹೆಗಲಿಗೇರಿತು. ವೃದ್ಧರ ಮನೆಗೆ ಹೋಗಿ ಬೆರಳಚ್ಚು ಪಡೆದು ಹಣ ಕೊಟ್ಟು ಬರುವ ಆ ಸೇವೆ ಸ್ತುತ್ಯವಾದುದೇ, ಆದರೆ ಅದಕ್ಕೆ ತಗಲುವ ಹೊತ್ತು ಹಳೆಯ ಬೀಟಿನ ಲೆಕ್ಕದಲ್ಲಿ ಎಲ್ಲಿದೆ? ಕಾಗದಗಳನ್ನು ಎಣಿಸುವುದನ್ನು ಬಿಟ್ಟು ಮೆಟ್ಟಿಲುಗಳನ್ನೂ ಬಾಗಿಲುಗಳನ್ನೂ ಎಣಿಸಿ ಬೀಟನ್ನು ಅಳೆಯತಕ್ಕ ಕಾಲ ಬಂದಿದೆ ಎಂಬುದೇ ಈ ಭಾಷಣದಲ್ಲಿ ನಾನು ಪ್ರತಿಪಾದಿಸುವ ಮುಖ್ಯ ವಿಚಾರ.

ಡೊಂಬಿವಲಿಯ ಹಳೆಯ ಭಾಗದಲ್ಲಿ ಸಾಯಿ, ಗಣೇಶ, ಸಿದ್ಧಿವಿನಾಯಕರ ಹೆಸರಿನ ಕಟ್ಟಡಗಳು ಒಂದೇ ಗಲ್ಲಿಯಲ್ಲಿ ಎರಡು ಮೂರು ಇರುವುದುಂಟು. ನವಿಮುಂಬಯಿಯಲ್ಲಿ ಸೆಕ್ಟರಿನ ಅಂಕಿ ಬಿಟ್ಟುಹೋದರೆ ಪ್ಲಾಟಿನ ಅಂಕಿಗೆ ಅರ್ಥವೇ ಇರದು. ದೊಡ್ಡ ವಸತಿಸಮುಚ್ಚಯಗಳ ದ್ವಾರದಲ್ಲಿ ವಾಚ್‌ಮನ್ನನು ತಡೆದು, ವಹಿಯಲ್ಲಿ ಹೆಸರು ಬರೆಯಿಸಿ, ಮೇಲಿನ ಮನೆಗೆ ಫೋನು ಮಾಡಿ ಕೇಳಿ ಒಳಬಿಡುತ್ತಾನೆ. ಬಹುಮಹಡಿಯ ಕಟ್ಟಡಗಳಲ್ಲಿ ನೆಲಮಹಡಿಯಲ್ಲಿಯೇ ಟಪಾಲು ಪೆಟ್ಟಿಗೆಗಳಿರಬೇಕೆಂಬುದು ಕಟ್ಟಡದ ನಿಯಮಾವಳಿಗಳಲ್ಲಿ ಕಾಣುವ ಮಾತೇ ಆದರೂ, ಇದ್ದ ಪೆಟ್ಟಿಗೆಗಳಿಗೆ ಹೆಸರಿಲ್ಲ, ಹೆಸರಿದ್ದಲ್ಲಿ ಹಿಂದಿನ ಬಾಡಿಗೆದಾರನ ಹೆಸರು. ಮಳೆಗಾಲದ ಮಾತು ಬೇರೆ ಹೇಳಬೇಕಿಲ್ಲ. 2005ರ ಜುಲೈ 26ರ ಮಹಾವೃಷ್ಟಿಯನ್ನು ಕಂಡ ಕಲ್ಯಾಣದವರಿಗೆ ನೀರು ಎಲ್ಲಿಯವರೆಗೆ ಏರಬಲ್ಲದೆಂದು ಗೊತ್ತು. ಸೈಕಲು ಇಟ್ಟುಕೊಂಡವನಿಗೆ ಏಳನೆಯ ವೇತನ ಆಯೋಗದ ಬಳಿಕ ನಿಗದಿಯಾದ ಭತ್ಯೆ ತಿಂಗಳಿಗೆ 180 ರೂಪಾಯಿಯಾಗಿತ್ತು. ಕರ್ತವ್ಯದಲ್ಲಿರುವಾಗ ಗಾಯವೋ ಮರಣವೋ ಸಂಭವಿಸಿದರೆ ವಿಶೇಷ ಪಿಂಚಣಿಯ ನಿಯಮಗಳಿವೆ. ಆದರೆ ನಾಯಿ ಕಚ್ಚಿದ್ದನ್ನೂ ಮೆಟ್ಟಿಲಿನಿಂದ ಜಾರಿದ್ದನ್ನೂ ಅಂದೇ ಕಚೇರಿಯಲ್ಲಿ ಬರೆದು ಕೊಡದಿದ್ದವನಿಗೆ ಆಮೇಲೆ ಅದನ್ನು ಸಾಧಿಸುವುದು ಕಷ್ಟ.

ಈ ನಾಲ್ಕು ನಗರಗಳನ್ನು ದಾಟಿ ಟಿಟವಾಳ, ಶಹಾಪುರ, ಮುರಬಾಡದತ್ತ ಹೋದರೆ ಮತ್ತೊಂದು ವರ್ಗದವರು ಎದುರಾಗುತ್ತಾರೆ: ಗ್ರಾಮೀಣ ಡಾಕ್ ಸೇವಕರು. ದಿನಕ್ಕೆ 4 ಇಲ್ಲವೇ 5 ಗಂಟೆಯ ಕೆಲಸವೆಂದು ಲೆಕ್ಕಹಿಡಿದು ವೇತನದ ಬದಲು ಭತ್ಯೆ ಪಡೆಯುವ ಇವರನ್ನು ಹಿಂದೆ ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್’, ಅಂದರೆ ಇಲಾಖೆಯ ಆಚೆಯವರು ಎಂದು ಕರೆಯುತ್ತಿದ್ದರು. ಆಚೆಯವರಾದುದರಿಂದ ಸಂವಿಧಾನದ ರಕ್ಷಣೆಯೂ ಇಲ್ಲವೆಂಬ ಇಲಾಖೆಯ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ರಾಜಮ್ಮ ಪ್ರಕರಣದಲ್ಲಿ ತಳ್ಳಿಹಾಕಿ, ಇವರೂ ಸರಕಾರದ ಹುದ್ದೆಯನ್ನೇ ಹೊಂದಿದವರು, ವಿಚಾರಣೆಯಿಲ್ಲದೆ ವಜಾ ಮಾಡಲಾಗದು ಎಂದು ತೀರ್ಮಾನಿಸಿತು. ಆದರೂ ಆರೋಪ ಬಂದೊಡನೆ ‘ಪುಟ್ ಆಫ್ ಡ್ಯೂಟಿ’ ಎಂದು ದೂರವಿರಿಸಿ, ಆ ಕಾಲಾವಧಿಗೆ ಒಂದು ಕಾಸನ್ನೂ ಕೊಡದ ನಿಯಮ ಮುಂದುವರಿದಿತ್ತು. ಅದನ್ನು ಪ್ರಶ್ನಿಸಿದ ಹೋರಾಟದಲ್ಲಿ ನಮ್ಮ ಉಡುಪಿಯ ಅಂಚೆ ವಿಭಾಗದ ನೌಕರರ ಪಾಲಿದೆ. ಬೆಂಗಳೂರಿನ ಆಡಳಿತ ನ್ಯಾಯಮಂಡಳಿ ಆ ನಿಯಮವು ಸಮಾನತೆಗೆ ವಿರುದ್ಧವೆಂದಿತು, ಕಾಲಕ್ರಮದಲ್ಲಿ ಭತ್ಯೆಯ ಕಾಲುಭಾಗವನ್ನಾದರೂ ಕೊಡುವ ನಿಯಮ ಬಂದಿತು. 2018ರ ಮೇ ತಿಂಗಳಿನಲ್ಲಿ ಗ್ರಾಮೀಣ ಸೇವಕರು ದೇಶಾದ್ಯಂತ ಮುಷ್ಕರ ಹೂಡಿದ ಮೇಲೆ, ಜೂನ್ 6ರಂದು ಕೇಂದ್ರ ಸಂಪುಟವು ಕನಿಷ್ಠ ಭತ್ಯೆಯನ್ನು ಕೆಲಸದ ವೇಳೆಗೆ ಅನುಗುಣವಾಗಿ 10,000ದಿಂದ 14,500 ರೂಪಾಯಿಗಳವರೆಗೆ ನಿಗದಿಮಾಡಿ, ಹೆಣ್ಣುಮಕ್ಕಳಿಗೆ ಹೆರಿಗೆ ರಜೆಯನ್ನೂ ಮಂಜೂರು ಮಾಡಿತು. ಖಾಯಂ ಪೋಸ್ಟ್‌ಮನ್ನನ ಮೂಲವೇತನವೇ 21,700 ರೂಪಾಯಿಯಿಂದ ಆರಂಭವಾಗಿ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆಗಳು ಸೇರುವಾಗ, ಅದೇ ಖಾಕಿ ಚೀಲ ಹೊತ್ತವರೊಳಗೆ ಇಷ್ಟು ಅಂತರವಿರುವುದನ್ನು ನಾನು ನ್ಯಾಯವೆಂದು ಒಪ್ಪಲಾರೆ.

ಈ ಎರಡು ವರ್ಗಗಳಿಗಿಂತಲೂ ಕೆಳಗೆ ಮೂರನೆಯವನೊಬ್ಬನಿದ್ದಾನೆ. ಹುದ್ದೆ ಖಾಲಿಯಿದ್ದಾಗ, ಖಾಯಂ ನೌಕರ ರಜೆಯಲ್ಲಿದ್ದಾಗ, ದಿನಗೂಲಿಯ ಮೇಲೆ ಬೀಟಿಗೆ ಕಳುಹಿಸುವ ಹುಡುಗನನ್ನು ಕಚೇರಿಯಲ್ಲಿ ‘ಔಟ್‌ಸೈಡರ್’ ಎನ್ನುತ್ತಾರೆ. ಅವನಿಗೆ 311ನೆಯ ಅನುಚ್ಛೇದವಿಲ್ಲ, ಪಿಂಚಣಿಯಿಲ್ಲ, ಬಿದ್ದು ಕಾಲು ಮುರಿದರೆ ಕೇಳುವವರಿಲ್ಲ. ಆದರೆ ತಮ್ಮ ಪಾಸ್‌ಪೋರ್ಟು ಅವನ ಚೀಲದಲ್ಲಿಯೂ ಬರಬಹುದು, ತಮ್ಮ ದಾವೆಯ ‘ನಿರಾಕರಿಸಿದರು’ ಎಂಬ ಶಬ್ದವನ್ನು ಅವನೂ ಬರೆಯಬಹುದು. ಹೊಣೆ ಪೂರ್ಣವಾಗಿಯೇ ಇದ್ದು ಹಕ್ಕು ಲವಲೇಶವೂ ಇಲ್ಲದ ಈ ಸ್ಥಿತಿಗೂ 1898ರ ಸ್ಥಿತಿಗೂ ನನಗೆ ಹೆಚ್ಚಿನ ಅಂತರ ಕಾಣದು. ಖಾಲಿ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬುವುದೊಂದೇ ಇದಕ್ಕೆ ಪರಿಹಾರ.

ದೀಪಾವಳಿಯಲ್ಲಿ ನಮ್ಮ ಕಡೆಯ ಮನೆಗಳವರು ಪೋಸ್ಟ್‌ಮನ್ನನಿಗೆ ‘ಪೋಸ್ತ್’ ಎಂದು ಹತ್ತಿಪ್ಪತ್ತು ರೂಪಾಯಿ ಕೊಡುವ ರೂಢಿಯಿದೆ. ಪ್ರೀತಿಯಿಂದ ಕೊಟ್ಟ ಒಂದಿಷ್ಟು ಸಿಹಿಯನ್ನು ನಾನು ಆಕ್ಷೇಪಿಸುವುದಿಲ್ಲ. ಹಣದ ಕಾಣಿಕೆಯಾದರೋ ನಡತೆಯ ನಿಯಮಗಳ ದೃಷ್ಟಿಯಿಂದ ಅವನನ್ನೇ ತೊಂದರೆಗೆ ಗುರಿಮಾಡಬಲ್ಲದು. ಅದಕ್ಕಿಂತ ಹೆಚ್ಚು ಉಪಯುಕ್ತವಾದುದನ್ನು ನಾವು ಮಾಡಬಹುದು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ನೆಲಮಹಡಿಯ ಪೆಟ್ಟಿಗೆಗಳಿಗೆ ಈಗಿನ ನಿವಾಸಿಗಳ ಹೆಸರು ಬರೆಯಿಸಿರೆಂದು ಹೇಳಬಹುದು. ಹಗಲು ಮನೆಯಲ್ಲಿ ಇರಲಾರದವರು ನೆರೆಯವರ ಹೆಸರಿಗೆ ಲಿಖಿತ ಅಧಿಕಾರಪತ್ರವನ್ನು ಅಂಚೆ ಕಚೇರಿಗೆ ಕೊಟ್ಟಿರಬಹುದು. ಊರಿನವರಿಗೆ ವಿಳಾಸ ತಿಳಿಸುವಾಗ ವಿಂಗ್, ಸೆಕ್ಟರು, ಪಿನ್‌ಕೋಡುಗಳನ್ನು ಬಿಡದೆ ತಿಳಿಸಬಹುದು. ಟಪಾಲು ತಡವಾಯಿತೆಂದು ಪೋಸ್ಟ್‌ಮಾಸ್ತರರಿಗೆ ದೂರು ಬರೆಯುವ ಪ್ರಸಂಗ ಬಂದರೆ, ಪೋಸ್ಟ್‌ಮನ್ನನ ಮೇಲೆ ಕ್ರಮ ಕೈಗೊಳ್ಳಿರೆಂದು ಬರೆಯುವ ಮೊದಲು, ನಮ್ಮ ಬೀಟಿಗೆ ಖಾಯಂ ಪೋಸ್ಟ್‌ಮನ್ ಇದ್ದಾರೆಯೇ, ಈ ಬೀಟನ್ನು ಕೊನೆಯ ಸಲ ಅಳೆದುದು ಯಾವ ವರ್ಷ ಎಂಬ ಎರಡು ಪ್ರಶ್ನೆಗಳನ್ನು ಆ ಅರ್ಜಿಯಲ್ಲಿ ಸೇರಿಸಿರೆಂದು ತಮ್ಮಲ್ಲಿ ನನ್ನ ವಿನಂತಿ.